ಹದಿನಾಲ್ಕನೆಯ ಸಾಲು

ನನ್ನ ಮನೆ ಮಧುಗಿರಿಯಲ್ಲಿ, ಕೆಲಸ ಶಿರಾ ತಾಲ್ಲೂಕಿನ ಒಂದು ಡಿಗ್ರಿ ಕಾಲೇಜಿನಲ್ಲಿ. ಕೆಮಿಸ್ಟ್ರಿ ಕಲಿಸುತ್ತೇನೆ. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಬಸ್ಸಿಳಿಯುವವಳಿಗೆ ಸಂಶೋಧನೆ ಅನ್ನುವುದು ಭಾನುವಾರಕ್ಕೆ ಉಳಿಯುವ ಕೆಲಸ. ಅಂಥ ಎಷ್ಟೋ ಭಾನುವಾರಗಳನ್ನು ನಾನು ಒಬ್ಬ ಅತಿಥಿ ಉಪನ್ಯಾಸಕಿಯ ಜೊತೆ ಪಾವಗಡದ ಹಳ್ಳಿಗಳಲ್ಲಿ ಕಳೆದೆ.

ಅವಳು ನನಗಿಂತ ಹತ್ತು ಹನ್ನೊಂದು ವರ್ಷ ಚಿಕ್ಕವಳು. ತವರು ನಾಗಲಮಡಿಕೆ ಕಡೆ, ಮನೆಯ ಮಾತು ತೆಲುಗು. ಕಾಲೇಜಿಗೆ ಸೇರಿದ ಹೊಸದರಲ್ಲಿ ನನ್ನನ್ನು ಮೇಡಂ ಅನ್ನುತ್ತಿದ್ದಳು, ಆರು ತಿಂಗಳಲ್ಲಿ ಅಕ್ಕಾ ಅನ್ನತೊಡಗಿದಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಅವಳ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು. ಅವಳ ಊರಿನ ಬೋರ್‌ವೆಲ್ ನೀರು ಕುಡಿದು ಬೆಳೆದ ಎಲ್ಲರಿಗೂ ಇರುವಂಥವೇ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಹಲ್ಲು ಹುಟ್ಟುವ ವಯಸ್ಸಿನಲ್ಲೇ ಅದು ಗುರುತು ಮಾಡಿಬಿಡುತ್ತದೆ. ಮುಂದೆ ಮಂಡಿ, ಸೊಂಟ, ಬೆನ್ನಿಗೆ ಇಳಿಯುತ್ತದೆ.

"ಅಕ್ಕಾ, ನಮ್ಮ ಕಡೆ ಊರೂರಿಗೂ ಹೋಗಿ ನೀರು ನೋಡೋಣ. ಯಾವ ಊರಲ್ಲಿ ಎಷ್ಟಿದೆ ಅಂತ ಒಂದು ಪಟ್ಟಿ ಆದ್ರೆ ಯಾರಿಗಾದ್ರೂ ತೋರಿಸಬಹುದು" ಎಂದು ಮೊದಲು ಅಂದವಳು ಅವಳೇ. ನಾನು ಒಪ್ಪಿಕೊಂಡೆ. ಒಪ್ಪಿಕೊಂಡಾಗ ನನ್ನ ತಲೆಯಲ್ಲಿದ್ದದ್ದು ನನ್ನ ಬಡ್ತಿಯ ಕಡತ. ಅದಕ್ಕೆ ಒಳ್ಳೆಯ ಜರ್ನಲ್‌ನಲ್ಲಿ ಬಂದ ಇನ್ನೊಂದು ಪೇಪರು ಬೇಕಾಗಿತ್ತು.

ಕೆಲಸ ಶುರುವಾಯಿತು. ಬಿಳಿ ಪ್ಲಾಸ್ಟಿಕ್ ಬಾಟಲಿಗಳನ್ನು ತೊಳೆದು ಒಣಗಿಸಿ ಚೀಲಕ್ಕೆ ತುಂಬಿಕೊಂಡು ಹೊರಡುತ್ತಿದ್ದೆವು. ಅವಳ ಶಿಸ್ತು ನೋಡುವ ಹಾಗಿತ್ತು. ಒಂದೊಂದು ಬಾಟಲಿಗೂ ಚೀಟಿ ಅಂಟಿಸಿ, ಉದ್ದನೆಯ ನೋಟ್‌ಬುಕ್ಕಿನಲ್ಲಿ ಊರು, ಬೋರು, ನೀರು ಹಿಡಿದ ಹೊತ್ತು, ಪಕ್ಕದಲ್ಲಿದ್ದವರು ಯಾರು ಎಂದು ಬರೆಯುತ್ತಿದ್ದಳು. ಕೊಳಾಯಿ ಹತ್ತಿರ ನಿಂತ ಹೆಂಗಸರನ್ನು "ಏ ಬೋರು ನೀಳ್ಳು ಅತ್ತಾ ಇವಿ?" ಎಂದು ತೆಲುಗಿನಲ್ಲಿ ಮಾತಾಡಿಸಿ, ಯಾವ ಬೋರಿನ ನೀರು ಎಂದು ಖಾತ್ರಿ ಮಾಡಿಕೊಳ್ಳದೆ ಬಾಟಲಿ ಮುಚ್ಚುತ್ತಿರಲಿಲ್ಲ. ನನಗೆ ಒಮ್ಮೊಮ್ಮೆ ಇಷ್ಟೆಲ್ಲ ಅತಿಯಾಯಿತೇನೋ ಅನ್ನಿಸುತ್ತಿತ್ತು. ಬಿಸಿಲಿನಲ್ಲಿ ತಲೆ ಸಿಡಿಯುತ್ತಿರುವಾಗ ಅವಳು "ಇನ್ನೊಂದ್ ಸಲ ತೊಳೆದು ಹಿಡೀತೀನಿ ಅಕ್ಕಾ, ಬಾಟ್ಲಿ ಒಳಗೆ ಏನೋ ಮಣ್ಣು ಕಂಡಂಗಾಯ್ತು" ಅನ್ನುತ್ತಿದ್ದಳು.

ನಾವು ಗುರುತು ಮಾಡಿಕೊಂಡ ಊರುಗಳಲ್ಲಿ ಒಂದು ಮಾತ್ರ ಉಳಿಯಿತು. ಆಂಧ್ರದ ಗಡಿಗೆ ಅಂಟಿಕೊಂಡಿರುವ ಸಣ್ಣ ಹಟ್ಟಿ ಅದು. ಬಸ್ಸು ಹಿಂದಿನ ಊರಿಗೇ ನಿಲ್ಲುತ್ತದೆ, ಅಲ್ಲಿಂದ ಬಂಡಿದಾರಿಯಲ್ಲಿ ನಡೆಯಬೇಕು. ನಾವು ಹೋದ ದಿನ ಹೊತ್ತು ಇಳಿದಿತ್ತು, ನಡೆದು ಹೋದರೆ ವಾಪಸು ಬಸ್ಸು ಸಿಗುತ್ತಿರಲಿಲ್ಲ. "ಬರೋ ಭಾನುವಾರ ಬೆಳಿಗ್ಗೇನೇ ಬಂದ್‌ಬುಡೋಣ" ಎಂದಳು. ಅಷ್ಟರಲ್ಲಿ ಅವಳ ತಾಯಿಗೆ ಹುಷಾರು ತಪ್ಪಿ ಅವಳು ಊರಿನಲ್ಲೇ ಉಳಿದಳು. ನಾನು ಒಬ್ಬಳೇ ಹೋಗಿ ಬರುತ್ತೇನೆಂದು ಫೋನಿನಲ್ಲಿ ಹೇಳಿದೆ.

ಆ ಭಾನುವಾರ ನಾನು ಇದ್ದದ್ದು ಚನ್ನರಾಯನದುರ್ಗದಲ್ಲಿ. ನನ್ನ ಯಜಮಾನರ ಕಡೆಯ ನೆಂಟರ ಮನೆಯಲ್ಲಿ ನಾಮಕರಣ. ತಪ್ಪಿಸಿಕೊಳ್ಳಬಹುದಿತ್ತು, ತಪ್ಪಿಸಿಕೊಳ್ಳಲಿಲ್ಲ. ಒಬ್ಬಟ್ಟು ಊಟ ಮಾಡಿ, ಹೆಂಗಸರ ಜೊತೆ ಹರಟೆ ಹೊಡೆದು ಸಂಜೆಗೆ ಮನೆ ಸೇರಿದೆ. ಮಾರನೆಯ ದಿನ ಬೆಳಿಗ್ಗೆ ತಿಂಡಿಗೆ ಚಿತ್ರಾನ್ನ ಕಲಸಿಟ್ಟು ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ಕೋಷ್ಟಕದಲ್ಲಿ ಹದಿನಾಲ್ಕನೆಯ ಸಾಲು ಖಾಲಿ ಇತ್ತು. ಹಟ್ಟಿಯ ಈಚೆಗಿನ ಊರಿನಲ್ಲೂ ಆಚೆಗಿನ ಊರಿನಲ್ಲೂ ಫ್ಲೋರೈಡ್ ಮಿತಿಯೊಳಗೇ ಇತ್ತು. ಎರಡರ ನಡುವಿನ ಒಂದು ಅಂಕಿ ಬರೆದೆ. ಅದು ತೀರಾ ನಡುಮಧ್ಯದ ಅಂಕಿ ಅನ್ನಿಸದಿರಲಿ ಎಂದು ಕೊನೆಯ ಸ್ಥಾನವನ್ನು ಸ್ವಲ್ಪ ಬದಲಾಯಿಸಿದೆ ಕೂಡ. ಎಲ್ಲಕ್ಕಿಂತ ಹೆಚ್ಚಾಗಿ ಆ ಬದಲಾವಣೆಯೇ ನನಗೆ ಈಗಲೂ ನೆನಪಾಗುವುದು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳಲು ಅದು ಬಿಡುವುದಿಲ್ಲ.

ಆ ವಾರ ಅವಳು ಕಾಲೇಜಿಗೆ ಬಂದಾಗ ನೋಟ್‌ಬುಕ್ ತೆರೆದು ಪೆನ್ನು ಹಿಡಿದು ಕೂತಳು.

"ಹೋಗಿದ್ರಾ ಅಕ್ಕಾ?"

"ಹೂಂ. ಇವರ ಸ್ಕೂಟರಲ್ಲಿ ಹೋಗ್ಬಂದೆ. ಲ್ಯಾಬಿನ ಮೀಟರಿನಲ್ಲಿ ಫ್ಲೋರೈಡೂ ನೋಡಿ ಆಯ್ತು."

"ಒಳ್ಳೇದಾಯ್ತು ಬಿಡಿ. ಯಾವ ಬೋರು?"

"ಶಾಲೆ ಹತ್ತಿರದ್ದು" ಎಂದೆ. ಎಲ್ಲ ಊರಿನಲ್ಲೂ ಶಾಲೆ ಹತ್ತಿರ ಒಂದು ಬೋರು ಇದ್ದೇ ಇರುತ್ತದಲ್ಲ. ಅವಳು ತನ್ನ ದುಂಡು ಅಕ್ಷರದಲ್ಲಿ ಹಾಗೆಯೇ ಬರೆದುಕೊಂಡಳು.

ಪೇಪರಿಗೆ ಮೂರು ಹೆಸರು ಹಾಕಿದೆವು. ಮೊದಲು ನನ್ನದು, ಆಮೇಲೆ ಅವಳದು, ಕೊನೆಗೆ ನನಗೆ ಪಿಎಚ್.ಡಿ. ಮಾಡಿಸಿದ ಗುರುಗಳದು. ಗುರುಗಳು ಪಾವಗಡದ ನೀರನ್ನೂ ನೋಡಿರಲಿಲ್ಲ, ಪೇಪರನ್ನೂ ಪೂರ್ತಿ ಓದಿರಲಿಲ್ಲ. ಅವರ ಹೆಸರು ಇರುವುದು ಮರ್ಯಾದೆ ಎಂದು ನಾವೆಲ್ಲ ಹಾಗೆಯೇ ಮಾಡುತ್ತಾ ಬಂದಿದ್ದೆವು. ಹಣ ಕಟ್ಟಿದರೆ ಏನು ಕಳಿಸಿದರೂ ಅಚ್ಚು ಹಾಕುವ ಜರ್ನಲ್‌ಗಳಿಂದ ನನಗೆ ವಾರಕ್ಕೆ ಹತ್ತಾರು ಪತ್ರ ಬರುತ್ತಿದ್ದವು. ಅಂಥವಕ್ಕೆ ಕಳಿಸುವುದಿಲ್ಲ ಎಂಬ ಜಂಬ ನನಗಿತ್ತು. ಒಳ್ಳೆಯ ಜರ್ನಲ್‌ಗೇ ಕಳಿಸಿದೆ. ಅಲ್ಲಿ ಇಬ್ಬರು ಪರಿಶೀಲಕರು ಸಾಲು ಸಾಲು ಓದಿ ಪ್ರಶ್ನೆ ಕೇಳಿದರು, ಎಲ್ಲಕ್ಕೂ ಉತ್ತರ ಕೊಟ್ಟೆವು. ಹದಿನಾಲ್ಕನೆಯ ಸಾಲಿನ ಬಗ್ಗೆ ಯಾರೂ ಕೇಳಲಿಲ್ಲ. ಕೇಳುವಂಥದ್ದು ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಕೊನೆಗೆ, ಈ ಅಂಕಿಗಳೆಲ್ಲ ನಾವೇ ಸಂಗ್ರಹಿಸಿದ ನಿಜವಾದ ಅಂಕಿಗಳು ಎಂಬ ಘೋಷಣೆಗೆ ಮೂವರೂ ಸಹಿ ಹಾಕಬೇಕಿತ್ತು. ಅವಳು ಪ್ರತಿ ವಾಕ್ಯ ಓದಿ ಸಹಿ ಹಾಕಿದಳು. ನಾನು ಓದದೆ ಹಾಕಿದೆ.

ಪೇಪರು ಬಂದ ದಿನ ಶಿರಾ ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯಿಂದ ದಿಲ್‌ಪಸಂದ್ ತರಿಸಿ ಸ್ಟಾಫ್ ರೂಮಿನಲ್ಲಿ ಹಂಚಿದೆವು. ಅವಳು ನಾಲ್ಕು ಜೆರಾಕ್ಸ್ ಮಾಡಿಸಿಕೊಂಡು ಹೋದಳು. ಇಂಗ್ಲಿಷ್ ಬಾರದ ತಾಯಿಗೆ ತನ್ನ ಹೆಸರು ಅಚ್ಚಾದ ಜಾಗವನ್ನು ಬೆರಳಿಟ್ಟು ತೋರಿಸಿದಳಂತೆ. ನನಗೆ ಬಡ್ತಿ ಬಂತು. ವಿಶ್ವವಿದ್ಯಾಲಯದವರು ಸಂಶೋಧನಾ ವಿದ್ಯಾರ್ಥಿಗಳಿಗೆ ಪ್ರಕಟಣೆಯ ನೀತಿಯ ಬಗ್ಗೆ ಒಂದು ಪಾಠ ಮಾಡಿಕೊಡಿ ಎಂದು ಕರೆದರು, ಹೋದೆ. ಇನ್ನೊಬ್ಬರ ವಾಕ್ಯ ಕದಿಯಬಾರದು, ಕೆಲಸ ಮಾಡದವರ ಹೆಸರು ಸೇರಿಸಬಾರದು, ಇಲ್ಲದ ಅಂಕಿ ಹುಟ್ಟಿಸಬಾರದು ಎಂದು ಬೋರ್ಡಿನ ಮೇಲೆ ಬರೆದೆ. ಕೊನೆಯದರ ಕೆಳಗೆ ಎರಡು ಗೆರೆಯನ್ನೂ ಎಳೆದೆ. ಇದನ್ನೂ ಹೇಳಬೇಕು.

ಅವಳು ಪೇಪರನ್ನು ನಾನು ಇಟ್ಟ ಹಾಗೆ ಕಡತದಲ್ಲಿ ಇಡಲಿಲ್ಲ. ಕೋಷ್ಟಕವನ್ನು ಕನ್ನಡಕ್ಕೆ ಮಾಡಿ ಪಂಚಾಯ್ತಿಗೂ ತಾಲ್ಲೂಕಿನ ಅಧಿಕಾರಿಗಳಿಗೂ ಕೊಟ್ಟು ಬಂದಳು. ಶುದ್ಧ ನೀರಿನ ಘಟಕ ಯಾವ ಊರಿಗೆ ಮೊದಲು ಬೇಕು ಎಂದು ತೋರಿಸುವುದಕ್ಕೆ. ಮೊದಮೊದಲು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಳಿಕ ಒಬ್ಬ ಕಾಳಜಿಯ ಅಧಿಕಾರಿ ಬಂದು ಆ ಪಟ್ಟಿಯನ್ನೇ ಇಟ್ಟುಕೊಂಡು ಘಟಕ ಹಂಚಿದರು. ಫ್ಲೋರೈಡ್ ಹೆಚ್ಚಿದ್ದ ಊರುಗಳಿಗೆ ಘಟಕ ಬಂದವು. ಅವಳು ಸಂಭ್ರಮದಿಂದ ಓಡಿ ಬಂದು ಹೇಳಿದಾಗ ನನಗೆ ನೆನಪಾದದ್ದು ಹದಿನಾಲ್ಕನೆಯ ಸಾಲು. ಹಟ್ಟಿಯ ನೀರು ಚೆನ್ನಾಗಿಯೇ ಇರಬಹುದು ಎಂದುಕೊಂಡೆ. ಆಮೇಲೆ ಒಮ್ಮೆಯಾದರೂ ಹೋಗಿ ನೋಡಬಹುದಿತ್ತು, ಹೋಗಲಿಲ್ಲ. ಎರಡು ವರ್ಷ ಹೋಗಲಿಲ್ಲ.

ಒಂದು ದಿನ ಮಧ್ಯಾಹ್ನ ನಾವಿಬ್ಬರೂ ಲ್ಯಾಬಿನಲ್ಲಿದ್ದೆವು. ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಆ ಹಟ್ಟಿಯ ಅಂಗನವಾಡಿ ಕಾರ್ಯಕರ್ತೆ, ನಲವತ್ತೈದರ ಆಸುಪಾಸು. ಮೂರು ಬಸ್ಸು ಬದಲಿಸಿ ಬಂದಿದ್ದರು. ಕೈಚೀಲದಿಂದ ಒಂದು ಬಾಟಲಿ ನೀರನ್ನೂ ನಾಲ್ಕು ಮಡಿಕೆ ಮಾಡಿದ ಒಂದು ಜೆರಾಕ್ಸನ್ನೂ ತೆಗೆದು ಮೇಜಿನ ಮೇಲಿಟ್ಟರು. ನಮ್ಮ ಕೋಷ್ಟಕ ಅದು.

"ಇದು ನೀವು ಮಾಡಿದ್ದೇನಮ್ಮ?"

"ಹೌದಮ್ಮ, ಕೂತ್ಕೊಳ್ಳಿ" ಎಂದಳು ನನ್ನ ಸಹೋದ್ಯೋಗಿ. ಕುರ್ಚಿ ಎಳೆದು ಕೊಟ್ಟಳು.

ಅವರು ಕೂರಲಿಲ್ಲ. "ಎಷ್ಟೋ ಊರ್ಗೆ ಫಿಲ್ಟರ್ ಕೊಟ್ರು. ನಮ್ಮ ಹಟ್ಟಿಗೆ ಕೇಳಿದ್ರೆ ನಿಮ್ಮ ನೀರು ಚೆನ್ನಾಗೈತೆ, ಕಾಲೇಜ್ನೋರು ಬರ್ದವ್ರೆ ಅಂತ ಈ ಕಾಗ್ದ ತೋರಿಸ್ತಾರೆ. ನಮ್ಮ ಹೆಂಗಸ್ರು ಮಂಡಿ ಹಿಡ್ಕೊಂಡು ಕೂತಿದ್ರೆ ಏಳಕ್ಕಾಗಲ್ಲ. ಇದು ಹೆಂಗಮ್ಮ ಚೆನ್ನಾಗೈತೆ?"

"ನಾವು ಪರೀಕ್ಷೆ ಮಾಡೇ ಬರೆದಿರೋದು" ಎಂದು ಅವಳು ಸಮಾಧಾನವಾಗಿ ಹೇಳಿ ಬೀರುವಿನಿಂದ ನೋಟ್‌ಬುಕ್ ತೆಗೆದಳು. ಪುಟ ಮಗುಚಿ ಬೆರಳಿಟ್ಟಳು. "ನೋಡಿ, ಮೇಡಂ ಅವ್ರೇ ಬಂದು ಹಿಡ್ಕೊಂಡು ಹೋಗಿದಾರೆ. ಶಾಲೆ ಹತ್ತಿರದ ಬೋರು."

ಆ ಹೆಂಗಸು ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು. "ನಮ್ಮ ಹಟ್ಟೀಲಿ ಶಾಲೇನೇ ಇಲ್ವಲ್ಲಮ್ಮ. ಮಕ್ಳು ಪಕ್ಕದೂರ್ಗೆ ಹೋಗ್ತವೆ. ಇರೋದು ಒಂದೇ ಬೋರು, ಮಾರಮ್ಮನ ಗುಡಿ ಹಿಂದೆ. ನಾನು ದಿನಾ ಅದ್ರ ಎದುರ್ಗೇ ಇರ್ತೀನಿ. ನೀವು ಯಾವತ್ತು ಬಂದಿದ್ರಿ?"

ನನ್ನ ಸಹೋದ್ಯೋಗಿ ನೋಟ್‌ಬುಕ್ಕಿನ ಮೇಲಿಟ್ಟ ಬೆರಳು ತೆಗೆಯದೆ ನನ್ನನ್ನು ನೋಡಿದಳು. ಆಮೇಲೆ ಬಾಟಲಿ ಎತ್ತಿಕೊಂಡು ಮೀಟರಿನ ಕಡೆ ಹೋದಳು. ಮೂರು ಸಲ ಅಳೆದಳು. ಮೂರು ಸಲವೂ ಮಿತಿಗಿಂತ ಬಹಳ ಮೇಲೆಯೇ ಬಂತು. ನಮ್ಮ ಕೋಷ್ಟಕದಲ್ಲಿದ್ದ ಅತಿ ಕೆಟ್ಟ ಊರುಗಳಿಗೆ ಸಮ. ಹಟ್ಟಿಯ ಆಚೀಚೆಯ ಊರುಗಳದು ಹೆಚ್ಚು ಆಳವಿಲ್ಲದ ಹಳೆಯ ಬೋರುಗಳು. ಹಟ್ಟಿಯ ಬೋರನ್ನು ತೀರಾ ಆಳಕ್ಕೆ ಕೊರೆದಿದ್ದರು. ಆಳದ ಬಂಡೆಯ ನೀರಿಗೆ ಫ್ಲೋರೈಡ್ ಹೆಚ್ಚು ಸೇರಿರುತ್ತದೆ. ನಾನೇ ವರ್ಷಾ ವರ್ಷಾ ತರಗತಿಯಲ್ಲಿ ಹೇಳುವ ಪಾಠ ಅದು.

ಅಂಗನವಾಡಿಯವರಿಗೆ ಅವಳು ಕೈಬರಹದಲ್ಲಿ ಆ ಅಂಕಿ ಬರೆದುಕೊಟ್ಟು, ಆ ನೀರು ಮಕ್ಕಳಿಗೆ ಕೊಡಬೇಡಿ ಎಂದು ಹೇಳಿ ಗೇಟಿನವರೆಗೆ ಬಿಟ್ಟು ಬಂದಳು. ವಾಪಸು ಬಂದವಳು ಬಾಗಿಲ ಹತ್ತಿರವೇ ನಿಂತಳು.

"ಆವತ್ತು ನೀವು ಹೋಗಿದ್ರಾ?"

"ಇಲ್ಲ."

"ಫೋನ್ ಮಾಡಿ ಹೋಗಕ್ಕಾಗಲ್ಲ ಅಂದಿದ್ರೆ ನಾನು ಹೋಗ್ತಿದ್ದೆ ಮೇಡಂ. ನಮ್ಮಮ್ಮನ್ನ ತಂಗಿ ಹತ್ರ ಬಿಟ್ಟಾದ್ರೂ ಹೋಗ್ತಿದ್ದೆ."

ಅಂದಿನಿಂದ ಅವಳು ನನ್ನನ್ನು ಅಕ್ಕಾ ಅನ್ನಲಿಲ್ಲ.

ಗುರುಗಳಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಒಂದು ಸಾಲಿನ ವಿಷಯ. ಟೈಪಿಂಗ್ ತಪ್ಪಾಗಿದೆ ಅಂತ ತಿದ್ದುಪಡಿ ಕಳಿಸಿಬಿಡಿ, ಮುಗೀತು" ಎಂದರು. ಹಾಗೆ ಮಾಡುವ ಆಸೆ ನನಗೂ ಇತ್ತು. ಸುಳ್ಳು ಹೇಳುವುದಿಲ್ಲ. ಕಾಗದ ಬರೆದೂ ಇಟ್ಟೆ. ಮಾರನೆಯ ದಿನ ಅದನ್ನು ಅವಳಿಗೆ ತೋರಿಸಿದೆ. ಓದಿ ಮೇಜಿನ ಮೇಲಿಟ್ಟಳು. "ಟೈಪಿಂಗ್ ತಪ್ಪಾಗಿದ್ರೆ ನನ್ನ ನೋಟ್‌ಬುಕ್ಕಲ್ಲಿ ಸರಿಯಾಗಿ ಇರ್ಬೇಕಿತ್ತು. ನನ್ನ ನೋಟ್‌ಬುಕ್ಕಲ್ಲೂ ಸುಳ್ಳೇ ಇದೆ" ಎಂದಳು.

ಹಾಗಾಗಿ ಸಂಪಾದಕರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಆ ನೀರನ್ನು ನಾನು ಸಂಗ್ರಹಿಸಿಲ್ಲ, ಅಂಕಿ ನಾನು ಊಹಿಸಿ ಹಾಕಿದ್ದು, ಉಳಿದ ಇಬ್ಬರಿಗೆ ಇದು ಗೊತ್ತಿರಲಿಲ್ಲ, ತಪ್ಪು ನನ್ನೊಬ್ಬಳದೇ ಎಂದು. ಅವರು ಮೂವರಿಗೂ ಬೇರೆಬೇರೆಯಾಗಿ ಪತ್ರ ಬರೆದು ವಿವರಣೆ ಕೇಳಿದರು. ಗುರುಗಳು, ತಮ್ಮ ಹೆಸರು ಸೇರಿಸಿದ್ದೇ ತಮಗೆ ಸರಿಯಾಗಿ ತಿಳಿಯದು ಎಂದು ಬರೆದರು. ಅವರ ಸಹಿ ಘೋಷಣೆಯ ಮೇಲೆ ಇತ್ತು. ಅವಳು ತನ್ನ ನೋಟ್‌ಬುಕ್ಕಿನ ಎಲ್ಲ ಪುಟಗಳ ಫೋಟೋ ತೆಗೆದು ಕಳಿಸಿದಳು. ಉಳಿದ ಸಾಲುಗಳೆಲ್ಲ ಅದರಲ್ಲಿ ಸರಿಯಾಗಿದ್ದವು. ಆದರೆ ಒಂದು ಅಂಕಿ ಹುಟ್ಟಿಸಿದವರ ಉಳಿದ ಅಂಕಿಗಳನ್ನು ಜರ್ನಲ್ ಹೇಗೆ ನಂಬಬೇಕು? ಪೇಪರನ್ನು ಹಿಂತೆಗೆದುಕೊಳ್ಳುತ್ತೇವೆ ಎಂದು ತಿಳಿಸಿದರು.

ಹಿಂತೆಗೆದುಕೊಂಡ ಪೇಪರು ಅಳಿಸಿಹೋಗುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ಅದು ಅಲ್ಲೇ ಇರುತ್ತದೆ, ಪ್ರತಿ ಪುಟದ ಮೇಲೂ ಕೆಂಪು ಅಕ್ಷರದಲ್ಲಿ ಅಡ್ಡಲಾಗಿ 'ಹಿಂತೆಗೆದುಕೊಳ್ಳಲಾಗಿದೆ' ಎಂದು ಬರೆದಿರುತ್ತದೆ. ಜೊತೆಗೆ ಒಂದು ಸೂಚನೆ. ನಮ್ಮದರಲ್ಲಿ ಮೂವರ ಹೆಸರು, ಒಂದು ಸ್ಥಳದ ದತ್ತಾಂಶಕ್ಕೆ ಆಧಾರವಿಲ್ಲ ಎಂಬ ಒಂದು ವಾಕ್ಯ, ಅಷ್ಟೇ. ತಪ್ಪು ನನ್ನದು ಎಂದು ಅದರಲ್ಲಿ ಹಾಕಿ ಎಂದು ಮತ್ತೆ ಮತ್ತೆ ಕೇಳಿಕೊಂಡೆ. ಕಾಲೇಜು ವಿಚಾರಣೆ ನಡೆಸಿ ಯಾರದು ಎಂದು ತೀರ್ಮಾನ ಕೊಟ್ಟರೆ ಹಾಕುತ್ತೇವೆ, ಒಬ್ಬರ ಮಾತಿನ ಮೇಲೆ ಆಗುವುದಿಲ್ಲ ಎಂದರು. ಅವರು ಹೇಳಿದ್ದು ಸರಿ. ಪ್ರಾಂಶುಪಾಲರ ಹತ್ತಿರ ಹೋಗಿ, ನನ್ನ ಮೇಲೆ ವಿಚಾರಣೆ ಮಾಡಿ ಎಂದು ಅರ್ಜಿ ಕೊಟ್ಟೆ. ಅವರು ಅರ್ಜಿಯನ್ನು ಎರಡು ಸಲ ಓದಿ ನನ್ನ ಕಡೆಗೇ ತಳ್ಳಿದರು.

"ಕಾಲೇಜಿಗೆ ಗ್ರೇಡ್ ಕೊಡೋ ತಂಡದವರು ಬರೋ ವರ್ಷ ಇದು. ಈಗ ಇದನ್ನೆಲ್ಲ ಯಾಕಮ್ಮ ಕೆದಕ್ತೀರಾ? ನಿಮಗೇನು ತೊಂದ್ರೆ ಆಗಿಲ್ವಲ್ಲ."

ನಿಜಕ್ಕೂ ನನಗೇನೂ ಆಗಲಿಲ್ಲ. ಬಡ್ತಿ ಹಾಗೆಯೇ ಉಳಿಯಿತು. ಯಾರೂ ಕಡತ ತೆಗೆಯಲಿಲ್ಲ. ವಿಶ್ವವಿದ್ಯಾಲಯದವರು ಮುಂದಿನ ವರ್ಷ ಮತ್ತೆ ಅದೇ ನೀತಿಯ ಪಾಠಕ್ಕೆ ಕರೆದರು. ಬರುವುದಿಲ್ಲ ಎಂದೆ, ಕಾರಣ ಕೇಳಲಿಲ್ಲ.

ಆದದ್ದು ಅವಳಿಗೆ. ಅತಿಥಿ ಉಪನ್ಯಾಸಕರನ್ನು ವರ್ಷ ವರ್ಷವೂ ಹೊಸದಾಗಿ ಆರಿಸುತ್ತಾರೆ. ಅವಳ ಹತ್ತಿರ ಇದ್ದದ್ದು ಆ ಒಂದು ಪೇಪರು, ಅದು ಲೆಕ್ಕಕ್ಕೆ ಬರಲಿಲ್ಲ, ಅವಳನ್ನು ಮತ್ತೆ ಆರಿಸಲಿಲ್ಲ. ಪಿಎಚ್.ಡಿ.ಗೆ ಸೇರಲು ಹೋದ ಕಡೆ, ಸಂದರ್ಶನದಲ್ಲಿ ಕೂತಿದ್ದವರೊಬ್ಬರು ಫೋನಿನಲ್ಲಿ ಅವಳ ಹೆಸರು ಹುಡುಕಿ ಕೆಂಪು ಅಕ್ಷರದ ಪುಟ ತೆರೆದು ಅವಳ ಮುಂದೆ ಹಿಡಿದರಂತೆ. "ಇದೇನಮ್ಮ?" ಎಂದರಂತೆ. ಅವಳು ಏನು ಉತ್ತರ ಕೊಟ್ಟಳೋ ನನಗೆ ಗೊತ್ತಿಲ್ಲ. ಇದನ್ನು ನನಗೆ ಹೇಳಿದವರು ಬೇರೊಬ್ಬ ಸಹೋದ್ಯೋಗಿ. ತಪ್ಪು ನನ್ನದೇ ಎಂದು ಸಹಿ ಹಾಕಿದ ಪತ್ರವೊಂದನ್ನು ನಾನು ಅವಳಿಗೆ ಮೊದಲೇ ಕೊಟ್ಟಿದ್ದೆ, ಎಲ್ಲಿ ಬೇಕಾದರೂ ತೋರಿಸು ಎಂದು. ಅವಳು ಅದನ್ನು ತೆಗೆದುಕೊಂಡು ಬ್ಯಾಗಿನಲ್ಲಿಟ್ಟುಕೊಂಡಿದ್ದಳು. ಎಲ್ಲೂ ತೋರಿಸಲಿಲ್ಲ ಎಂದು ಆಮೇಲೆ ತಿಳಿಯಿತು.

ಕಾಲೇಜಿನಲ್ಲಿ ತನ್ನ ಕೊನೆಯ ದಿನ ಲ್ಯಾಬಿನ ಬೀಗದ ಕೈ ಕೊಡಲು ಬಂದಳು. "ಸರೇ ಮೇಡಂ, ಬರ್ತೀನಿ" ಎಂದಳು.

"ನಿನಗೆ ನನ್ನ ಮೇಲೆ ಸಿಟ್ಟಿದ್ರೆ ಬೈದುಬಿಡು" ಎಂದೆ. ಕಣ್ಣಲ್ಲಿ ನೀರು ಬಂದಿತ್ತು, ಅದು ಅವಳಿಗೆ ಕಂಡಿತು.

"ಬೈದ್ರೆ ನಿಮಗೆ ಹಗುರ ಆಗುತ್ತೆ ಮೇಡಂ" ಎಂದಳು. ಬೀಗದ ಕೈಯನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟು ಹೋದಳು.

ಹಟ್ಟಿಗೆ ನಾನು ಕೊನೆಗೂ ಹೋದೆ. ಯಜಮಾನರನ್ನು ಕರೆದುಕೊಂಡು ಸ್ಕೂಟರಿನಲ್ಲೇ ಹೋದೆ. ಮಾರಮ್ಮನ ಗುಡಿ ಹಿಂದಿನ ಬೋರಿನಿಂದ ನೀರು ಹಿಡಿದು, ಹೊತ್ತು ಬರೆದು, ಪಕ್ಕದಲ್ಲಿದ್ದವರ ಹೆಸರು ಕೇಳಿ ಬರೆದುಕೊಂಡೆ. ಅಂಗನವಾಡಿಯವರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು, ಒಳಗೆ ಕರೆಯಲಿಲ್ಲ. ಆ ವರದಿಯನ್ನು ಹಿಡಿದು ಪಾವಗಡದ ಕಚೇರಿಗೆ ಎಂಟೊಂಬತ್ತು ಸಲ ಅಲೆದೆ. ಮೊದಲಿನ ಅಧಿಕಾರಿಗೆ ವರ್ಗವಾಗಿತ್ತು. ಹೊಸಬರು ಕಾಗದ ನೋಡಿ, "ಆವತ್ತು ಚೆನ್ನಾಗಿದೆ ಅಂದೋರೂ ನೀವೇ, ಇವತ್ತು ಕೆಟ್ಟದ್ದು ಅನ್ನೋರೂ ನೀವೇ. ನಾವು ಯಾವುದನ್ನ ನಂಬೋಣ ಮೇಡಂ?" ಎಂದರು. ಅವರು ಬೇರೆ ಲ್ಯಾಬಿಗೆ ನೀರು ಕಳಿಸಿ, ಅಲ್ಲಿಂದ ಬಂದ ಮೇಲೆ ಘಟಕ ಮಂಜೂರು ಮಾಡಿದರು. ಘಟಕ ನಿಂತಿದೆ. ನಾನು ವಿಚಾರಿಸಿದಾಗಲೆಲ್ಲ ಒಮ್ಮೆ ನಡೆಯುತ್ತಿರುತ್ತದೆ, ಒಮ್ಮೆ ಕೆಟ್ಟಿರುತ್ತದೆ. ಕೆಟ್ಟಾಗ ಹಟ್ಟಿಯವರು ಗುಡಿ ಹಿಂದಿನ ಬೋರಿಗೇ ಹೋಗುತ್ತಾರೆ. ಘಟಕ ಬರುವ ಮೊದಲಿನ ವರ್ಷಗಳಲ್ಲಿ ಕುಡಿದದ್ದು ಕುಡಿದಾಯಿತು. ಹೆಂಗಸರ ಮಂಡಿಗಳನ್ನು ಯಾವ ತಿದ್ದುಪಡಿಯೂ ಸರಿ ಮಾಡುವುದಿಲ್ಲ.

ಹೋದ ಮಾರ್ಚ್‌ನಲ್ಲಿ ಪರೀಕ್ಷೆಯ ಕೆಲಸದ ಮೇಲೆ ಕೊರಟಗೆರೆಗೆ ಹೋಗಿದ್ದೆ. ಕೇಂದ್ರದ ಕಾರಿಡಾರಿನಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಹಿಡಿದು ಅವಳು ಎದುರಾದಳು. ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದಾಳೆ, ಮೇಲ್ವಿಚಾರಣೆಗೆ ಕಳಿಸಿದ್ದಾರೆ. ಸ್ವಲ್ಪ ದಪ್ಪಗಾಗಿದ್ದಳು. ತಾಯಿ ಹೇಗಿದ್ದಾರೆ ಎಂದು ಕೇಳಿದೆ, ಇದ್ದಾರೆ ಎಂದಳು. ನಮ್ಮ ಯಜಮಾನರ ಆರೋಗ್ಯ ಕೇಳಿದಳು. ಜೊತೆಯಲ್ಲಿದ್ದ ಇನ್ನೊಬ್ಬ ಟೀಚರಮ್ಮ ನಮ್ಮಿಬ್ಬರನ್ನೂ ನೋಡಿ, "ನಿಮಗೆ ಮೊದಲೇ ಪರಿಚಯನಾ?" ಎಂದರು.

"ಹೂಂ. ಒಂದೇ ಕಾಲೇಜಲ್ಲಿ ಇದ್ವಿ" ಎಂದಳು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಅವಳು ನನಗೆ ತಲೆಬಾಗಿ, ಕಟ್ಟನ್ನು ಎದೆಗೆ ಅವಚಿಕೊಂಡು ತನ್ನ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಒಂದೊಂದು ಬೆಂಚಿನ ಹತ್ತಿರವೂ ನಿಂತು, ಒಬ್ಬೊಬ್ಬರ ನೋಂದಣಿ ಸಂಖ್ಯೆಯನ್ನೂ ಪ್ರವೇಶ ಪತ್ರದ ಜೊತೆ ಹೋಲಿಸಿ ನೋಡಿ ಮುಂದಕ್ಕೆ ಹೋಗುತ್ತಿದ್ದಳು. ನಾನು ಅಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಆಫೀಸಿನವರು ಬಂದು ರಿಜಿಸ್ಟರಿಗೆ ಸಹಿ ಬೇಕು ಎಂದು ಕರೆದರು. ಹೋಗಿ ಸಹಿ ಹಾಕಿದೆ.